ಒಂದು ಹೋರಿ, ಎರಡು ಸಾಲು

ಪ್ರೈಮರಿ ಕೀ ಎಂದರೇನು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಹಾನಗಲ್ಲಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಅಷ್ಟೂ ಬರದಿದ್ದರೆ ಹೇಗೆ? ವರ್ಷ ವರ್ಷವೂ ಅದೇ ಹಲಗೆ, ಅದೇ ಮಾತು. ಟೇಬಲ್ಲಿನಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ಪಟ್ಟಿಯಲ್ಲಿ, ಎಷ್ಟೇ ಸಾಲುಗಳಿರಲಿ, ಈ ಸಾಲು ಬೇರೆ, ಆ ಸಾಲು ಬೇರೆ ಎಂದು ಹೇಳಲು ಒಂದು ಗುರುತು ಬೇಕು. ಆ ಗುರುತು ಎರಡು ಸಾಲಿಗೆ ಒಂದೇ ಆಗಬಾರದು. ಖಾಲಿ ಇರಬಾರದು. ಇವತ್ತೊಂದು, ನಾಳೆ ಇನ್ನೊಂದು ಆಗಬಾರದು. ಹುಡುಗರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಹಾಗೇ ಕಕ್ಕುತ್ತಾರೆ, ನಾನು ಮಾರ್ಕು ಹಾಕುತ್ತೇನೆ. ಈ ವ್ಯವಹಾರದಲ್ಲಿ ಯಾರಿಗೂ ತೊಂದರೆ ಇರಲಿಲ್ಲ.

ತೊಂದರೆ ಶುರುವಾದದ್ದು ಆ ಪಾಠವನ್ನು ಕಾಲೇಜಿನ ಗೇಟು ದಾಟಿಸಿ ಹೆಂಡತಿಯ ತವರೂರಿಗೆ ಒಯ್ದಾಗ. ಅದನ್ನು ಇಲ್ಲಿ ಬರೆಯುವಾಗ ಯಾರ ಹೆಸರನ್ನೂ ಹಾಕುವುದಿಲ್ಲ. ಮನುಷ್ಯರದೂ ಇಲ್ಲ, ಹೋರಿಗಳದೂ ಇಲ್ಲ. ಹೆಸರನ್ನು ನಂಬಿ ಕೆಟ್ಟವನು ನಾನು, ಮತ್ತೆ ಆ ಗೊಡವೆಗೆ ಹೋಗಲಾರೆ.

ಹೆಂಡತಿಯ ತವರು ತಿಳವಳ್ಳಿ ಕಡೆಯ ಒಂದು ಹಳ್ಳಿ. ದೀಪಾವಳಿ ಕಳೆದ ಮೇಲೆ ಅಲ್ಲಿ ಹೋರಿ ಹಬ್ಬ. ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಬೆನ್ನಿಗೆ ಜರಿಯ ಜೂಲ ಹೊದಿಸಿ, ಕೋಡಿಗೆ ಬಲೂನು, ರಿಬ್ಬನ್ನು ಸಿಕ್ಕಿಸಿ, ಎರಡೂ ಕಡೆ ಜನ ನಿಂತ ಓಣಿಯಲ್ಲಿ ಓಡಬಿಡುತ್ತಾರೆ. ಧೈರ್ಯವಿದ್ದವರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಯಾರ ಕೈಗೂ ಸಿಗದೆ ಪಾರಾದ ಹೋರಿಗೆ ಬಹುಮಾನ, ಅದರ ಮಾಲೀಕನಿಗೆ ಮುಂದಿನ ಹಬ್ಬದವರೆಗೂ ಮೀಸೆ ತಿರುವಲು ಪರವಾನಗಿ. ಹಿರೇಕೆರೂರು, ಶಿಗ್ಗಾವಿ, ಸವಣೂರಿನಿಂದೆಲ್ಲ ಹೋರಿಗಳು ಟೆಂಪೊ ಏರಿ ಬರುತ್ತವೆ. ನಾನು ಮಾತ್ರ ಈ ಹಬ್ಬವನ್ನು ಇಷ್ಟು ವರ್ಷವೂ ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಹೆಂಗಸರ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಹೆಂಗಸರು ಆಗಾಗ ಕೆಳಗಿಳಿಯುತ್ತಾರೆ, ನಾನು ಇಳಿಯುವುದಿಲ್ಲ.

ಆ ಹಬ್ಬದ ಸಮಿತಿಯ ಹಿರಿಯರು ಸವಣೂರು ಮೂಲದ ಕೊಬ್ಬರಿ ವ್ಯಾಪಾರಿ. ಊರಿನವರೆಲ್ಲ ಅವರನ್ನು ಚಾಚಾ ಎನ್ನುತ್ತಾರೆ. ಎಲ್ಲ ಹೋರಿಗಳಿಗೂ ಅವರದೇ ಕೊಬ್ಬರಿ, ಹಾಗಾಗಿ ಅವರು ಯಾವ ಹೋರಿಯ ಕಡೆಯವರೂ ಅಲ್ಲ ಎಂದು ಮೈಕೂ ಅವರ ಕೈಗೇ. ಒಂದು ಭಾನುವಾರ ಕುರುಕಲು ತಿಂಡಿ ಸವಣೂರು ಖಾರದ ಪೊಟ್ಟಣ ಹಿಡಿದು ನಮ್ಮ ಮನೆಗೆ ಬಂದರು. ಹಿಂದಿನ ಹಬ್ಬದಲ್ಲಿ ಒಂದು ಹೋರಿ ಬೆಳಿಗ್ಗೆ ಒಂದು ಹೆಸರಿನಲ್ಲಿ ಓಡಿ, ಊಟದ ನಂತರ ಬೇರೆ ಜೂಲ ಹೊದ್ದು ಬೇರೆ ಹೆಸರಿನಲ್ಲಿ ಮತ್ತೊಮ್ಮೆ ಓಡಿತ್ತಂತೆ. ಗೊತ್ತಾಗುವಷ್ಟರಲ್ಲಿ ಬಹುಮಾನ ಕೊಟ್ಟಾಗಿತ್ತು, ಆಮೇಲೆ ಕೈಕೈ ಮಿಲಾಯಿಸಿತ್ತು.

"ಈ ಸಲ ಕಂಪ್ಯೂಟರ್‌ನ್ಯಾಗ ಹಾಕಿಬಿಡ್ರಿ ಸರ," ಎಂದರು ಚಾಚಾ. "ಒಂದ ಹೋರಿ ಎರಡ ಸಲ ಹೆಸರು ಬರಸಾಕ ಬಂದ್ರ ಅದು ಗಪ್ಪನ ಹಿಡೀಬೇಕು. ಮಂದಿ ಜೋಡಿ ಬಡಿದಾಡಿ ಸಾಕಾಗೈತಿ ನನಗ."

"ಅಷ್ಟೇನ್ರಿ? ಒಂದು ಪ್ರೈಮರಿ ಕೀ ಹಾಕಿದ್ರ ಮುಗೀತು," ಎಂದೆ ನಾನು, ಬಾಯಿ ತುಂಬ ಖಾರ ತುಂಬಿಕೊಂಡು. ಅಬಾಬಾ, ಎಂಥ ಗತ್ತು! ನೆನೆಸಿಕೊಂಡರೆ ಈಗಲೂ ಆ ಖಾರ ಗಂಟಲಲ್ಲಿ ಸಿಕ್ಕಿದಂತಾಗುತ್ತದೆ.

ಅವರು ಹೋದ ಮೇಲೆ ಹೆಂಡತಿ ಒಳಗಿನಿಂದ ಬಂದಳು. ಅವಳು ಇಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಎದುರಿಗೆ ನಿಂತು ಮಾತಾಡಿದರೆ ನನಗೆ ಈಗಲೂ ಹೋಂವರ್ಕ್ ಮಾಡಿಲ್ಲವೇನೋ ಎನಿಸುತ್ತದೆ.

"ಈ ಕೆಲಸ ಒಪ್ಪಬಾರದಿತ್ರಿ ನೀವು."

"ಯಾಕ? ಸಣ್ಣ ಕೆಲಸ."

"ಕೆಲಸ ಸಣ್ಣದ್ರಿ. ನನಗಿರೋದು ಒಂದ ತವರಮನಿ, ಅದೂ ಈಗ ಅರ್ಧಕ್ಕ ನಿಂತೈತಿ. ನೀವು ಅಲ್ಲಿ ಹೋಗಿ ಏನರ ಎಡವಟ್ಟು ಮಾಡಿದ್ರ ಪೂರಾ ಹೋಕ್ಕೈತಿ. ನನಗ ಭಯ ಆಗ್ತೈತಿ."

ಆ ಭಯಕ್ಕೆ ಕಾರಣವಿತ್ತು. ಮಾವ ತೀರಿಕೊಂಡ ಮೇಲೆ ಅವಳ ಅಣ್ಣನೂ ತಮ್ಮನೂ ಬೇರೆಯಾದರು. ಒಂದೇ ಮನೆಯ ನಡುವೆ ಗೋಡೆ ಎದ್ದಿತು, ಹೊಲಕ್ಕೆ ಬದು ಬಿತ್ತು. ಮಾತು ನಿಂತಿತು. ಹಿಸೆಯಾಗದೆ ಉಳಿದದ್ದು ಎರಡೇ. ಒಂದು, ಹಿತ್ತಲಿನ ಕೊಟ್ಟಿಗೆಯಲ್ಲಿದ್ದ ಹೋರಿ. ಅದನ್ನು ಮಾರಬಾರದು, ಪಾಲು ಮಾಡಬಾರದು ಎಂದು ಮಾವ ಹೇಳಿ ಹೋಗಿದ್ದರು. ಬೆಳಿಗ್ಗೆ ಅಣ್ಣ ಮೇವು ಹಾಕುತ್ತಿದ್ದ, ಸಂಜೆ ತಮ್ಮ. ಇನ್ನೊಂದು, ನನ್ನ ಹೆಂಡತಿ. ಅವಳಿಗೂ ಎರಡು ಕಡೆ ಮೇವು. ತವರಿಗೆ ಹೋದರೆ ಅಣ್ಣನ ಮನೆಯಲ್ಲಿ ಪೂರ್ತಿ ಊಟ ಮಾಡಿ, ಬಾಯಿ ಒರೆಸಿಕೊಂಡು, ಗೋಡೆಯಾಚೆ ತಮ್ಮನ ಮನೆಯಲ್ಲಿ ಈಗಷ್ಟೇ ಬಸ್ಸಿಳಿದವಳಂತೆ ಕೂತು ಇನ್ನೊಂದು ಊಟ ಮಾಡಬೇಕು. ಒಂದು ತುತ್ತು ಕಡಿಮೆಯಾದರೆ "ಅಲ್ಲಿ ಉಂಡು ಬಂದಾಳ" ಎಂಬ ಮಾತು. ಅಳಿಯನಾದ ನನಗೂ ಅದೇ ಗತಿ. ಹಬ್ಬದ ದಿನ ಎರಡು ಮನೆಯ ಹೋಳಿಗೆ ತಿಂದು ಬಸ್ಸಿನಲ್ಲಿ ಪ್ಯಾಂಟಿನ ಗುಂಡಿ ಬಿಚ್ಚಿ ಕೂತ ನನ್ನನ್ನು ಕಂಡಕ್ಟರೂ ಗುರುತು ಹಿಡಿದಿದ್ದಾನೆ.

ಇಷ್ಟೆಲ್ಲ ಗೊತ್ತಿದ್ದೂ "ಏನೂ ಆಗೂದಿಲ್ಲ ಬಿಡು" ಎಂದು ಲ್ಯಾಪ್‌ಟಾಪ್ ತೆರೆದು ಕೂತೆ.

ಮೊದಲು ಹೋರಿಯ ಹೆಸರನ್ನೇ ಕೀ ಮಾಡಿದೆ. ಮನುಷ್ಯರಾದರೆ ಓಣಿಗೆ ನಾಲ್ಕು ಜನ ಒಂದೇ ಹೆಸರಿನವರು ಸಿಗುತ್ತಾರೆ; ಹೋರಿಗೆ ಜನ ಆಸೆಪಟ್ಟು ಇಡುವ ಹೆಸರುಗಳು ಬೇರೆ ಬೇರೆಯೇ ಇರುತ್ತವೆ ಎಂಬುದು ನನ್ನ ಅಂದಾಜು. ಬರೆಸಲು ಬಂದ ಮೊದಲ ಹೋರಿ ಹುಲಿ. ಎರಡನೆಯದೂ ಹುಲಿ. ಹೋರಿಗಳ ಹೆಸರು ಹಾಕುವುದಿಲ್ಲ ಎಂದಿದ್ದೆ, ಆದರೆ ಓಣಿಗೊಂದು ಇರುವ ಇದನ್ನು ಹೆಸರೆನ್ನಲಾಗದು. ಕಂಪ್ಯೂಟರ್ ಎರಡನೆಯ ಹುಲಿಯನ್ನು ಒಲ್ಲೆ ಎಂದಿತು. ಕೂಡಲೇ ಹಿರೇಕೆರೂರಿನಿಂದ ಫೋನು.

"ಏನ್ರಿ ಸರ, ನಮ್ಮ ಹುಲಿನ್ನ ಬ್ಯಾಡ ಅನ್ನಾಕ ನಿಮ್ಮ ಕಂಪ್ಯೂಟರ್ ಯಾರ್ರೀ? ಬರ್ರಿ ಇಲ್ಲಿ. ಹೋರಿ ಮುಂದ ನಿಂತು ಬ್ಯಾಡ ಅನ್ರಿ ನೋಡೂಣ."

ಹೋರಿಯ ಮುಂದೆ ನಿಲ್ಲುವ ಪೈಕಿ ನಾನಲ್ಲ. ಹೆಸರಿನ ಜೊತೆ ಊರನ್ನೂ ಸೇರಿಸಿ, ಎರಡೂ ಕಾಲಂ ಕೂಡಿ ಒಂದು ಕೀ ಎಂದು ಬದಲಿಸಿದೆ. ಆಗ ಶಿಗ್ಗಾವಿಯ ಮನೆಯೊಂದರವರು ಬಂದರು. ಜಾಣತನ ತೋರಿಸಲು ನಾನು ಹಿಂದಿನ ಹಬ್ಬದ ಹೋರಿಗಳನ್ನೂ ಟೇಬಲ್ಲಿಗೆ ತುಂಬಿದ್ದೆ. ಇವರ ಹೋರಿ ಆಗಲೇ ಅಲ್ಲಿತ್ತು. ನೋಡಿದರೆ ಅದು ಈ ಹೋರಿಯಲ್ಲ. ಆ ಹೋರಿಗೆ ವಯಸ್ಸಾಗಿ ಹೊಸದು ಬಂದಿದೆ, ಹಳೆಯದರ ಹೆಸರು ಹೊಸದಕ್ಕೆ ಬಂದಿದೆ. "ಹೆಸರು ಹೋರಿದಲ್ರಿ ಸರ, ಮನಿತನದ್ದು. ಬ್ಯಾನರ್ ಮ್ಯಾಲೆ ಅದ ಹೆಸರು, ಹುಡುಗರ ಟೀ ಶರ್ಟ್ ಮ್ಯಾಲೆ ಅದ ಹೆಸರು. ಹೋರಿಗೊಮ್ಮೆ ಹೊಸಾ ಟೀ ಶರ್ಟ್ ಹೊಲಸಾಕ ಆಗ್ತೈತೇನ್ರಿ?" ಎಂದರು.

ಹೋಗಲಿ ಎಂದು ಎಲ್ಲ ಬಿಟ್ಟು ಒಂದರಿಂದ ಶುರುಮಾಡಿ ಬಂದವರಿಗೆ ಬಂದಂತೆ ನಂಬರು ಕೊಟ್ಟೆ. ಪುಸ್ತಕಗಳೂ ಇದನ್ನೇ ಹೇಳುತ್ತವೆ: ಅರ್ಥವಿಲ್ಲದ ಒಂದು ಸಂಖ್ಯೆ ಕೊಟ್ಟುಬಿಡು, ಅದರಷ್ಟು ಸುರಕ್ಷಿತ ಬೇರೊಂದಿಲ್ಲ. ಅರ್ಥವಿಲ್ಲದ ಸಂಖ್ಯೆ ನಮ್ಮ ಸೀಮೆಯಲ್ಲಿ ಎಲ್ಲಿದೆಯೋ ಆ ಪುಸ್ತಕ ಬರೆದವರೇ ಬಂದು ತೋರಿಸಬೇಕು. ಎಲ್ಲರಿಗೂ ಒಂದನೇ ನಂಬರೇ ಬೇಕು. ಒಬ್ಬರಿಗೆ ಕೂಡಿಸಿದರೆ ಎಂಟು ಬರುವ ನಂಬರು ಆಗಿಬರುವುದಿಲ್ಲ, ಇನ್ನೊಬ್ಬರಿಗೆ ತಮ್ಮ ಬೈಕಿನ ನಂಬರೇ ಆಗಬೇಕು. ಮೇಲಾಗಿ, ಒಂದೇ ಹೋರಿ ಎರಡು ಸಲ ಬಂದರೆ ಈ ಪದ್ಧತಿ ಅದಕ್ಕೆ ಖುಷಿಯಿಂದ ಎರಡು ನಂಬರು ಕೊಡುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ.

ಕಿವಿಗೆ ಹಾಕುವ ಹಳದಿ ಬಿಲ್ಲೆ ನೆನಪಾಯಿತು. ದನದ ಡಾಕ್ಟರು ಹಾಕುವ ಬಿಲ್ಲೆ, ಪ್ರತಿಯೊಂದರ ಮೇಲೂ ಬೇರೆ ನಂಬರು. ಇದಕ್ಕಿಂತ ಒಳ್ಳೆಯ ಕೀ ಬೇಕೆ? ಆದರೆ ಹಬ್ಬದ ಹೋರಿಗಳ ಕಿವಿ ನೋಡಿದರೆ ಬಿಲ್ಲೆಯ ತೂತು ಉಂಟು, ಬಿಲ್ಲೆ ಇಲ್ಲ. "ಮದಲಿಂಗನ ಕಿವಿಗೆ ಪ್ಲಾಸ್ಟಿಕ್ ಚೀಟಿ ಕಟ್ಟಿ ಮೆರವಣಿಗಿ ಮಾಡ್ತಾರೇನ್ರಿ?" ಎಂದು ನನ್ನನ್ನೇ ಕೇಳಿದರು. ಖಾಲಿ ಇರಬಾರದು ಎಂದ ಕಾಲಮ್ಮು ಉದ್ದಕ್ಕೂ ಖಾಲಿಯಾಯಿತು.

ಕೊನೆಗೆ ಬೇಸತ್ತು ಮಾಲೀಕರ ಮೊಬೈಲ್ ನಂಬರು ಮತ್ತು ಹೋರಿಯ ಹೆಸರು, ಎರಡೂ ಸೇರಿ ಕೀ ಎಂದು ಗಟ್ಟಿ ಮಾಡಿದೆ. ಕುಣಿಯಲಾರದವರು ನೆಲ ಡೊಂಕು ಎನ್ನುತ್ತಾರಂತೆ. ನಾನು ನೆಲವನ್ನೇ ನನಗೆ ಬೇಕಾದಂತೆ ಕಡಿದು ಕುಣಿದೆ. ಪರದೆಯೊಳಗೆ ಇಣುಕಿ ನೋಡಿದ ಹೆಂಡತಿ ಒಂದೇ ಮಾತು ಅಂದಳು.

"ಫೋನು ಹೋರಿದಲ್ಲಲ್ರಿ, ಮಾಲಕಂದು."

"ಇದು ಡೇಟಾಬೇಸ್ ವಿಷಯ, ನಿನಗ ಗೊತ್ತಾಗೂದಿಲ್ಲ," ಎಂದೆ. ಅವಳು ನನ್ನ ಮುಖ ನೋಡಿ ಒಳಗೆ ಹೋದಳು.

ಹಬ್ಬಕ್ಕೆ ಮೂರು ದಿನ ಇರುವಾಗ ಪಟ್ಟಿಯನ್ನು ಸಮಿತಿಯ ವಾಟ್ಸಾಪ್ ಗುಂಪಿಗೆ ಹಾಕಿದೆ, ಕೆಳಗೆ ನನ್ನ ಹುದ್ದೆಯನ್ನೂ ಬರೆದು. ಒಂದು ಕಪ್ ಚಹಾ ಮುಗಿಯುವುದರೊಳಗೆ ಚಾಚಾ ಫೋನು ಮಾಡಿದರು.

"ಸರ, ನಿಮ್ಮ ಮಾವನ ಮನಿ ಹೋರಿ ಒಂದೋ ಎರಡೋ?"

"ಒಂದ್ರೀ."

"ಮತ್ತ ಪಟ್ಟ್ಯಾಗ ಎರಡು ಅದಾವಲ್ರಿ!"

ಮಾವ ಇಟ್ಟ ದೇವರ ಹೆಸರಿನಲ್ಲಿ, ತನ್ನ ಫೋನ್ ನಂಬರಿನಿಂದ ಅಣ್ಣ ಒಮ್ಮೆ ಬರೆಸಿದ್ದ. ಓಣಿಯ ಹುಡುಗರು ಕೂಗುವ ಹುಲಿಯ ಹೆಸರಿನಲ್ಲಿ, ತನ್ನ ನಂಬರಿನಿಂದ ತಮ್ಮ ಇನ್ನೊಮ್ಮೆ ಬರೆಸಿದ್ದ. ಹೆಸರು ಬೇರೆ, ಫೋನು ಬೇರೆ. ನನ್ನ ಕೀ ಇಬ್ಬರನ್ನೂ ಬರ್ರಿ ಕುಂದರ್ರಿ ಎಂದು ಒಳಗೆ ಕರೆದಿತ್ತು. ಯಾವ ಕಳ್ಳತನವನ್ನು ಹಿಡಿಯಲು ನನ್ನನ್ನು ಕರೆದಿದ್ದರೋ ಅದು ನನ್ನ ಮಾವನ ಮನೆಯಲ್ಲೇ, ನನ್ನದೇ ಕೈಯಿಂದ ಆಗಿತ್ತು. ಗುಂಪಿನಲ್ಲಿ ನಗುವ ಮುಖಗಳ ಸುರಿಮಳೆ. "ಸರ್ರು ಹೋರಿ ಈಯಿಸ್ಯಾರ" ಎಂದು ಒಬ್ಬ ಬರೆದಿದ್ದ.

ಒಂದು ಸಾಲು ಅಳಿಸಿಬಿಡಿ, ಯಾವುದು ಎಂದು ನೀವೇ ಆರಿಸಿ, ಮನೆಯ ಅಳಿಯ ನೀವು ಎಂದು ಚಾಚಾ ಜಾರಿಕೊಂಡರು. ಅಳಿಸುವುದೇನು, ಒಂದು ಬಟನ್ ಒತ್ತುವುದು. ಆದರೆ ಊರಿನ ಕಣ್ಣಿಗೆ ಪಟ್ಟಿಯಲ್ಲಿ ಉಳಿದವನೇ ಹೋರಿಯ ಮಾಲೀಕ.

ಸಂಜೆ ಅಣ್ಣನ ಫೋನು ಬಂತು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ಅದೇ ಹೆಚ್ಚು ಹೆದರಿಕೆ ತಂದಿತು. "ಅಳ್ಯಾರ, ನನ್ನ ಸಾಲು ಅಳಸ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ನಾಗರ ಪಂಚಮಿಗೆ ತಂಗಿನ್ನ ಕರ್ಯಾಕ ನಮ್ಮ ಮನಿಯಿಂದ ಯಾರೂ ಬರೂದಿಲ್ಲ, ಹೇಳಿಬಿಡ್ರಿ ಆಕಿಗೆ."

ಅವನು ಇಟ್ಟ ಕೂಡಲೇ ತಮ್ಮ. "ಮಾಮಾ, ನನ್ನ ಹೆಸರು ಹೋದ್ರ ಅಕ್ಕ ಈ ಕಡೆ ಹೊಸ್ತಿಲಾ ತುಳಿಯೂದು ಬ್ಯಾಡ. ಅಷ್ಟ ಹೇಳ್ತೇನಿ."

ಫೋನು ಸ್ಪೀಕರಿನಲ್ಲಿತ್ತು. ಹೆಂಡತಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಳು. ಕೆಂಪು ಪೆನ್ನು ನಿಂತಿತು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನವೆಲ್ಲ ನಾನು ಮಾಡಿದ ಸರ್ಕಸ್ಸು ಒಂದೆರಡಲ್ಲ. ಇಬ್ಬರನ್ನೂ ಒಂದೇ ಸಾಲಿನಲ್ಲಿ ಜಂಟಿ ಮಾಲೀಕರೆಂದು ಹಾಕುತ್ತೇನೆ ಎಂದೆ. ಅವನ ಹೆಸರಿನ ಪಕ್ಕದಲ್ಲಿ ನನ್ನ ಹೆಸರು ಬೇಡ ಎಂದು ಇಬ್ಬರೂ ಒಂದೇ ಮಾತು ಹೇಳಿದರು. ಮೊದಲು ಯಾರ ಹೆಸರು ಎಂಬ ಪ್ರಶ್ನೆಗೆ ಅಕ್ಷರಮಾಲೆಯ ಕ್ರಮ ಸೂಚಿಸಿದೆ; ಅಕ್ಷರಮಾಲೆ ಯಾರ ಕಡೆಯದು ಎಂದು ಕೇಳಿದರು. ಕೊನೆಗೆ ಸರ್ವರ್ ಕೆಟ್ಟಿದೆ ಎಂದು ಗುಂಪಿಗೆ ಮೆಸೇಜ್ ಹಾಕಿ ಮಧ್ಯಾಹ್ನವೇ ಜ್ವರದ ನೆಪ ಮಾಡಿ ಹೊದ್ದು ಮಲಗಿದೆ. ಸರ್ವರ್ ಎಂದರೆ ನನ್ನ ಲ್ಯಾಪ್‌ಟಾಪು, ಅದು ತಲೆದಿಂಬಿನ ಕೆಳಗೆ ಬೆಚ್ಚಗಿತ್ತು.

ಹೆಂಡತಿ ಶಾಲೆಯಿಂದ ಬಂದವಳು ಹೊದಿಕೆ ಎಳೆದಳು. "ಏಳ್ರಿ. ಜ್ವರ ಬಂದಾವರು ಇಷ್ಟು ಖಾರಾ ತಿನ್ನೂದಿಲ್ಲ," ಎಂದಳು. ಪಕ್ಕದಲ್ಲಿ ಪೊಟ್ಟಣ ಖಾಲಿ ಬಿದ್ದಿತ್ತು. "ನಾಳೆ ಚಾಚಾ ಊರ ಕಟ್ಟಿ ಮ್ಯಾಲೆ ಎಲ್ಲಾರನ್ನೂ ಕೂಡಸಾಕತ್ತಾರ. ನಾನೂ ಬರ್ತೇನಿ. ನೀವು ಬರೇ ಲ್ಯಾಪ್‌ಟಾಪ್ ಹಿಡಕೊಂಡು ಬರ್ರಿ, ಮಾತು ನಾ ಆಡ್ತೇನಿ."

ಹಬ್ಬದ ಹಿಂದಿನ ದಿನ ಅವಳ ಸ್ಕೂಟಿಯ ಹಿಂದೆ ಲ್ಯಾಪ್‌ಟಾಪ್ ಅವಚಿಕೊಂಡು ಕೂತು ಹೋದೆ. ಅಕ್ಕಿಆಲೂರು ದಾಟಿದೆವು. ಆಮೇಲೆ, ತಿರುಗಿ ನೋಡದೆ ಕೇಳಿದಳು.

"ನಮ್ಮ ಲಗ್ನದಾಗ ಅಪ್ಪ ನನಗ ಏನು ಬಳುವಳಿ ಕೊಟ್ಟಿದ್ದ, ನೆನಪೈತೇನ್ರಿ?"

"ತಿಜೋರಿ," ಎಂದೆ. "ಮತ್ತ... ಮಿಕ್ಸರ್?"

"ಛಲೋ," ಎಂದಳು, ಅಷ್ಟೇ.

ಕಟ್ಟೆಯ ಮೇಲೆ ಊರಿನ ಹಿರಿಯರು ಕೂತಿದ್ದರು. ಅಣ್ಣ ಬೇವಿನ ಮರದ ಈ ಬದಿ, ತಮ್ಮ ಆ ಬದಿ. ಚಾಚಾ ಅಭ್ಯಾಸಬಲದಿಂದ ಇಲ್ಲದ ಮೈಕನ್ನು ಊದಿ ಮಾತು ಶುರುಮಾಡುವಷ್ಟರಲ್ಲಿ ಹೆಂಡತಿ ನನ್ನ ಕಡೆ ತಿರುಗಿದಳು.

"ರೀ, ಪ್ರೈಮರಿ ಕೀ ಅಂದ್ರ ಏನು, ಎಲ್ಲಾರಿಗೂ ತಿಳಿಯೂ ಹಂಗ ಹೇಳ್ರಿ."

ತರಗತಿಯಲ್ಲಿ ನಿಂತಂತೆ ಹೇಳಿದೆ. ಎರಡಾಗಬಾರದು, ಖಾಲಿ ಇರಬಾರದು, ಬದಲಾಗಬಾರದು. ಹಿರಿಯರು ತಲೆಯಾಡಿಸಿದರು.

"ಹೆಸರು ಬದಲಾಗ್ತೈತಿ," ಎಂದಳು ಅವಳು. "ಫೋನು ಬದಲಾಗ್ತೈತಿ. ಮಾಲಕ ಬದಲಾಗ್ತಾನ. ಹೋರಿದು ಬದಲಾಗದ್ದು ಏನು? ಅದರ ತಾಯಿ. ಯಾವ ಆಕಳದ್ದು, ಎಷ್ಟನೇ ಸೂಲಿನ ಕರ, ಇದನ್ನ ಯಾರೂ ಬದಲಿ ಮಾಡಾಕ ಆಗೂದಿಲ್ಲ. ಹೌದೋ ಅಲ್ಲೋ?"

"ಅಂದ್ರ, ಅವಳಿಜವಳಿ ಹುಟ್ಟಿದ್ರ..." ಎಂದು ನಾನು ಶಾಸ್ತ್ರ ಎತ್ತಿದೆ. ಅವಳು ನೋಡಿದ ನೋಟಕ್ಕೆ ಬಾಯಿ ಮುಚ್ಚಿದೆ.

"ಅಣ್ಣಾ, ನಮ್ಮ ಹೋರಿ ಯಾವ ಆಕಳದ್ದು?"

"ಬಿಳಿ ಆಕಳದ್ದು," ಎಂದ ಅಣ್ಣ, ನೆಲ ನೋಡುತ್ತ.

"ತಮ್ಮಾ, ಎಷ್ಟನೇ ಸೂಲು?"

"ಎರಡನೇದ್ದು," ಎಂದ ತಮ್ಮ. ಇಬ್ಬರೂ ಒಂದೇ ಹೋರಿಯ ಬಗ್ಗೆ ಹೇಳುತ್ತಿದ್ದೇವೆ ಎಂದು ಎಲ್ಲರ ಮುಂದೆ ಒಪ್ಪಿದಂತಾಯಿತು.

"ಆ ಬಿಳಿ ಆಕಳಾ ಯಾರದು?"

ಅಣ್ಣ ತಲೆ ಎತ್ತಿ ತಂಗಿಯನ್ನು ನೋಡಿದ. ಆಗ ನನಗೂ, ಯಪ್ಪಾ, ಎಲ್ಲ ಒಮ್ಮೆಲೇ ನೆನಪಾಯಿತು. ಮದುವೆಯ ಹಂದರದ ಪಕ್ಕ ಕೋಡಿಗೆ ಬಣ್ಣ ಬಳಿದು ಕಟ್ಟಿದ್ದ ಬಿಳಿ ಆಕಳು. ಮಾವ ಮಗಳ ಕೈಗೆ ಅದರ ಹಗ್ಗ ಕೊಟ್ಟಿದ್ದರು. ಹೊಸ ಅಳಿಯನಾದ ನಾನು, "ಬಾಡಿಗಿ ಮನ್ಯಾಗ ಇದನ್ನ ಎಲ್ಲಿ ಕಟ್ಟೂದ್ರಿ, ಬಾತ್‌ರೂಮಿನ್ಯಾಗೇನು?" ಎಂದು ಗೆಳೆಯರ ಎದುರು ನಕ್ಕಿದ್ದೆ. ಆಕಳು ಇಲ್ಲೇ ಉಳಿಯಿತು. ನಾನು ಮಿಕ್ಸರನ್ನು ನೆನಪಿಟ್ಟುಕೊಂಡೆ.

"ಅಪ್ಪ ನನಗ ಬಳುವಳಿ ಕೊಟ್ಟ ಆಕಳಾ ಅದು," ಎಂದಳು ಹೆಂಡತಿ. "ಅದರ ಕರ ನಂದು. ಹೋರಿ ನಂದು. ಇಷ್ಟ ದಿನಾ ಬಾಯಿ ಬಿಟ್ಟಿಲ್ಲ."

ಅಣ್ಣನ ಮುಖ ಬಿಳಿಚಿತು. "ಹಂಗಾದ್ರ ಹೊಡಕೊಂಡು ಹೊಕ್ಕೀಯೇನವಾ?" ಎಂದು ಕೇಳಿದ. ಆ ಬದಿಯಲ್ಲಿದ್ದ ತಮ್ಮ ಎದ್ದು ನಿಂತಿದ್ದ. ಪಟ್ಟಿಯಲ್ಲಿ ಹೆಸರಿರಬೇಕು ಎಂದು ಕಿತ್ತಾಡಿದವರಿಗೆ ಕೊಟ್ಟಿಗೆಯಲ್ಲಿ ಹೋರಿಯೇ ಇಲ್ಲವಾದರೆ ಎಂಬುದು ಹೊಳೆದದ್ದು ಆಗಲೇ ಇರಬೇಕು.

"ಒಯ್ದು ಎಲ್ಲಿ ಕಟ್ಟಲಿ? ಬಾತ್‌ರೂಮಿನ್ಯಾಗೇನು?" ಎಂದಳು. ಅವಳು ನನ್ನ ಕಡೆ ನೋಡಲಿಲ್ಲ, ನಾನೇ ಲ್ಯಾಪ್‌ಟಾಪಿನ ಹಿಂದೆ ಅಡಗಿದೆ. "ನೀವಿಬ್ಬರೂ ಸಾಕೀರಿ, ನೀವ ಸಾಕ್ರಿ. ನೀವ ಓಡಸ್ರಿ. ಪಟ್ಟ್ಯಾಗ ಮಾತ್ರ ನನ್ನ ಹೆಸರು ಇರಲಿ. ನನ್ನ ಹೋರಿ ನೋಡಾಕ ನಾ ಬರ್ತೇನಿ. ಪಂಚಮಿಗೂ ಬರ್ತೇನಿ, ಯಾರೂ ಕರ್ಯಾಕ ಬರದಿದ್ರೂ ಬರ್ತೇನಿ. ಬಾಗಲಾ ಮುಚ್ಚಿದ್ರ ಕೊಟ್ಟಗ್ಯಾಗ ಕುಂಡ್ರತೇನಿ, ಅಲ್ಲಿ ಗ್ವಾಡಿ ಇಲ್ಲ."

ಕಟ್ಟೆಯ ಮೇಲೆ ಎಲ್ಲರೂ ಬೇವಿನ ಮರದ ಎಲೆ ಎಣಿಸುವವರಂತೆ ಮೇಲೆ ನೋಡುತ್ತಿದ್ದರು. ಚಾಚಾ ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಬರೀರಿ ಸರ," ಎಂದರು.

ನಾನು ಎರಡೂ ಸಾಲು ಅಳಿಸಿದೆ. ಹೊಸ ಸಾಲು ತೆರೆದೆ. ಮಾಲೀಕರ ಹೆಸರು: ಹೆಂಡತಿಯದು. ಮೊಬೈಲ್ ನಂಬರು: ಟಕಟಕ ಒತ್ತಿ, ಎಲ್ಲರೂ ನೋಡಲಿ ಎಂದು ಪರದೆಯನ್ನು ಅವರ ಕಡೆ ತಿರುಗಿಸಿದೆ, ಗೆದ್ದ ಹೋರಿಯ ಹಾಗೆ ಕತ್ತು ಎತ್ತಿ.

ಹೆಂಡತಿ ಬಗ್ಗಿ ಓದಿದಳು. "ಹೋರಿ ನಂದು," ಎಂದಳು ನಿಧಾನಕ್ಕೆ. "ನಂಬರ್ ನಿಮ್ದ್ಯಾಕ್ರಿ?"

ಗ್ಯಾಸಿನ ಬುಕಿಂಗು, ಮಗಳ ಶಾಲೆ, ಕರೆಂಟು ಬಿಲ್ಲು, ಎಲ್ಲೆಲ್ಲೂ ಅವಳ ಹೆಸರಿನ ಮುಂದೆ ನನ್ನ ನಂಬರು ತುಂಬಿ ಬೆರಳಿಗೆ ರೂಢಿಯಾಗಿತ್ತು. ಬೇವಿನ ಮರದ ಆ ಬದಿಯಿಂದ ತಮ್ಮ ಕಿಸಕ್ಕೆಂದ. ಈ ಬದಿಯಿಂದ ಅಣ್ಣ ತಡೆದುಕೊಂಡ, ತಡೆದುಕೊಂಡ, ಆಮೇಲೆ ತಡೆಯಲಾಗಲಿಲ್ಲ. "ಅಳ್ಯಾರ, ನಾವಿಬ್ಬರ ಜಗಳಾಡಿದ್ವಿ, ನಡುವ ನೀವು ಹೋರಿ ಹೊಡಕೊಂಡು ಹೊಂಟಿದ್ರಲ್ರಿ!" ಎಂದ. "ಬಾತ್‌ರೂಮಿನ್ಯಾಗ ಜಾಗಾ ಮಾಡ್ಯಾರೇನೋ ಕೇಳೋ ಅಣ್ಣಾ," ಎಂದ ತಮ್ಮ. ಗೋಡೆ ಎದ್ದ ಮೇಲೆ ಅಣ್ಣನಿಗೆ ಅವನು ಆಡಿದ ಮೊದಲ ಮಾತು ಅದು, ನನ್ನನ್ನು ಆಡಿಕೊಳ್ಳಲು. ಕಟ್ಟೆಯೆಲ್ಲ ನಗತೊಡಗಿತು. ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ನಂಬರನ್ನು ಅಳಿಸಿ ಅವಳದನ್ನು ಹಾಕಲು ಹೋದರೆ, ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಯ ನಂಬರು ನನಗೆ ಬಾಯಿಗೆ ಬರುತ್ತಿರಲಿಲ್ಲ. ಅವಳೇ ಒಂದೊಂದಾಗಿ ಹೇಳಿದಳು, ನಾನು ಬರೆದುಕೊಂಡೆ.

ಆ ಟೇಬಲ್ಲಿಗೆ ಕೊನೆಗೂ ಸರಿಯಾದ ಕೀ ಸಿಗಲಿಲ್ಲ ಎಂಬುದನ್ನು ಒಪ್ಪಿಬಿಡುತ್ತೇನೆ. ತಾಯಿ ಆಕಳು ಎಂಬ ಕಾಲಂ ಸೇರಿಸಿದೆ. ಸಂತೆಯಲ್ಲಿ ಕೊಂಡ ಹೋರಿಗಳ ತಾಯಿ ಯಾರೆಂದು ದೇವರಿಗೂ ಗೊತ್ತಿಲ್ಲ, ಅರ್ಧ ಖಾಲಿ ಉಳಿಯಿತು. ಹಬ್ಬದ ದಿನ ಒಮ್ಮೆ ಓಡಿದ ಪ್ರತಿ ಹೋರಿಯ ಹಿಂಗಾಲಿಗೂ ಚಾಚಾ ಒಂದು ಮುಷ್ಟಿ ನೀಲಿ ಬಣ್ಣ ಎರಚಿ ನನ್ನ ಕೆಲಸವನ್ನು ತಾವೇ ಮುಗಿಸಿದರು. ನಾನು ಟ್ರೇಲರಿನ ಮೇಲೆ ನಿಂತು ಎಲ್ಲ ನನ್ನ ಯೋಜನೆಯಂತೆ ನಡೆಯುತ್ತಿದೆ ಎನ್ನುವ ಮುಖ ಮಾಡಿದೆ.

ನಮ್ಮ ಹೋರಿ ಬಂದಾಗ ಒಂದು ಕಡೆಯ ಹಗ್ಗ ಅಣ್ಣನ ಕೈಯಲ್ಲಿತ್ತು, ಇನ್ನೊಂದು ಕಡೆಯದು ತಮ್ಮನ ಕೈಯಲ್ಲಿ. ಹೆಂಡತಿಯ ಹೆಸರನ್ನು ಚಾಚಾ ಮೈಕಿನಲ್ಲಿ ಕೂಗಿದರು. ಹೋರಿ ಅರ್ಧ ಓಣಿಯೂ ದಾಟಲಿಲ್ಲ. ಹಿರೇಕೆರೂರಿನ ಒಬ್ಬ ಕೊರಳಿಗೆ ಜೋತುಬಿದ್ದು ಕೊಬ್ಬರಿ ಸರ ಹರಿದುಕೊಂಡು ಹೋದ. ಬಹುಮಾನವೂ ಇಲ್ಲ, ಮೀಸೆಯೂ ಇಲ್ಲ. ಹಗ್ಗ ಹಿಡಿದ ಇಬ್ಬರೂ, ಬಿಟ್ಟದ್ದು ನಿನ್ನ ತಪ್ಪು, ನಿನ್ನ ತಪ್ಪು ಎಂದು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಕೊಟ್ಟಿಗೆಯವರೆಗೂ ಹೋದರು. ಬೈಗುಳವೂ ಮಾತೇ ತಾನೆ.

ಕೈಕಾಲು ತೊಳೆದು ನಾನು ರೂಢಿಯಂತೆ ಎರಡು ಊಟಕ್ಕೆ ಹೊಟ್ಟೆಯನ್ನು ಸಜ್ಜುಮಾಡಿಕೊಂಡು ಅಣ್ಣನ ಮನೆಯ ಕಡೆ ಹೊರಟೆ. ಯಾರೋ ಕೊಟ್ಟಿಗೆಗೆ ಕರೆದರು. ಗೋದಲಿಯ ಪಕ್ಕ ಚಾಪೆ ಹಾಸಿತ್ತು. ಅಣ್ಣನ ಹೆಂಡತಿ ರೊಟ್ಟಿ, ಪುಂಡಿಪಲ್ಲೆ ತಂದಿದ್ದಳು, ತಮ್ಮನ ಹೆಂಡತಿ ಹೋಳಿಗೆ, ಹಾಲು. ನನ್ನ ಹೆಂಡತಿಯ ಮುಂದೆ ಒಂದೇ ತಾಟು ಇಟ್ಟು ಇಬ್ಬರೂ ಅದರೊಳಗೇ ಬಡಿಸಿದರು. ಅವಳು ರೊಟ್ಟಿ ಮುರಿದಳು. ಬಾಯಿಗಿಟ್ಟ ತುತ್ತು ಎಷ್ಟು ಹೊತ್ತಾದರೂ ಇಳಿಯಲಿಲ್ಲ.

"ಯಾಕವಾ, ಉಪ್ಪು ಕಡಿಮಿ ಆಗೈತೇನು?" ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

"ಇಲ್ಲ," ಎಂದಳು ಅವಳು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ. "ಖಾರ ಹೆಚ್ಚಾಗೈತಿ. ಇನ್ನೊಂದು ರೊಟ್ಟಿ ಹಾಕ್ರಿ."